ಹಳೇ ಟ್ರಕ್ ಇಂಜಿನ್‌ನ ಟಕ್ ಟಕ್ ಸದ್ದು ಎಲ್ಲಿಂದ ಅಂತ ಪತ್ತೆ ಹಚ್ಚುವುದು ಹೇಗೆ

ಜಾಸ್ತಿ ಓಡಿದ ಇಂಜಿನ್ ಟಕ್ ಟಕ್ ಅಂದರೆ ಮೊದಲು ಆಯಿಲ್ ನೋಡಿ, ಬಿಚ್ಚೋದೆಲ್ಲ ಆಮೇಲೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸರಿಯಿದ್ದರೂ ಪ್ರೆಶರ್ ಕಡಿಮೆ ಇರಬಹುದು, ಗೇಜ್ ಹಾಕಿಯೇ ಅಳೆಯಿರಿ. ತಣ್ಣಗಿದ್ದಾಗ ಜೋರಾಗಿದ್ದ ಸದ್ದು ಬಿಸಿಯಾದಂತೆ ಅಡಗಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಹೊರಗೆ ಸಾಗಿಸುವ ಕೊಳವೆಗಳ ಜೋಡಣೆ) ಲೀಕ್ ಇರಬಹುದು, ಗ್ಯಾಸ್ಕೆಟ್ (ಜೋಡಣೆ ಸೋರದಂತೆ ನಡುವೆ ಇಡುವ ಹಾಳೆ) ಅಂಚಲ್ಲಿ ಕಪ್ಪು ಮಸಿ ಇದೆಯಾ ನೋಡಿ.

ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ವಾಲ್ವ್ ಕವರ್ (ಇಂಜಿನ್‌ನ ವಾಲ್ವ್‌ಗಳ ಮೇಲಿನ ಮುಚ್ಚಳ) ಮೇಲಿಟ್ಟು ಹಿಡಿಗೆ ಕಿವಿ ಕೊಡಿ, ಫ್ಯಾನ್‌ನಿಂದ ಮಾತ್ರ ದೂರ ಇರಿ. ಸದ್ದು ಅಲ್ಲೇ ಜೋರಾಗಿ, ಅದೂ ಇಂಜಿನ್ ವೇಗದ ಅರ್ಧ ಲಯದಲ್ಲಿ ಕೇಳಿಸಿದರೆ ವಾಲ್ವ್ ಗ್ಯಾಪ್ ಅಥವಾ ಲಿಫ್ಟರ್ (ಕ್ಯಾಮ್‌ನ ತಳ್ಳುವಿಕೆಯನ್ನು ವಾಲ್ವ್ ಕಡೆಗೆ ಸಾಗಿಸುವ ಭಾಗ) ಮೇಲೆ ಅನುಮಾನ ಪಡಿ, ಯಾಕೆಂದರೆ ಕ್ರ್ಯಾಂಕ್ (ಇಂಜಿನ್‌ನ ಮುಖ್ಯ ಶಾಫ್ಟ್) 2 ಸುತ್ತು ತಿರುಗಿದರೆ ವಾಲ್ವ್ ತೆರೆಸುವ ಕ್ಯಾಮ್ ತಿರುಗೋದು 1 ಸುತ್ತು ಅಲ್ವಾ.

ಕೆಳಗಿನಿಂದ ದಪ್ಪ ಸದ್ದು ಬಂದು, ಲೋಡ್ ಬಿದ್ದಾಗ ಜಾಸ್ತಿಯಾದರೆ ಬೇರಿಂಗ್ ಸವೆದಿರಬಹುದು. ಆಗ ದಯವಿಟ್ಟು ಇಂಜಿನ್ ಆಫ್ ಮಾಡಿ, ಗ್ಯಾರೇಜಿಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ.