ಟ³ − ಟ ಗೆ ಎಷ್ಟು ಫಾರ್ಮ್? ಕೈಯಲ್ಲೇ ಪಟ್ಟಿ ಮಾಡೋಣ

ಅಕ್ಕನ ಮಗಳು ಪುಣೆಯಲ್ಲಿ ಎಂಎಸ್ಸಿ ಗಣಿತ ಓದುತ್ತಾಳೆ. ಹೋದ ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಬಂದವಳು, "ಚಿಕ್ಕಮ್ಮ, ಈ ಡೆಫಿನಿಟ್ ಕ್ವಾಡ್ರಾಟಿಕ್ ಫಾರ್ಮ್‌ಗಳನ್ನ ವರ್ಗೀಕರಿಸೋದು ಹೇಗೆ? ಪ್ರಮೇಯ ಓದಿದೀನಿ, ಲೆಕ್ಕ ಮಾಡೋಕೆ ಬರ್ತಿಲ್ಲ" ಅಂದಳು. ಊಟದ ಮೇಜಿನ ಮೇಲೆ ಅವಳಿಗೆ ಮಾಡಿ ತೋರಿಸಿದ್ದು ಇದು.

ನಮ್ಮ ಅಂಕಿಗಳು 0, 1, 2 ಮೂರೇ. 3 ಬಂದರೆ 0. ಹಾಗಾಗಿ 2 ಅಂದರೆ −1. ಫಾರ್ಮ್ ಅಂದರೆ ಕಯ² + 2ಖಯರ + ಗರ². ಇಲ್ಲಿ ಯ, ರ ಚರಾಕ್ಷರಗಳು; ಕ, ಖ, ಗ ಮೂರೂ ಟ ದ ಬಹುಪದೋಕ್ತಿಗಳು. ಚಿಕ್ಕದಾಗಿ (ಕ, ಖ, ಗ) ಅಂತ ಬರೆಯೋಣ. ಡಿಟರ್ಮಿನೆಂಟ್ ಕಗ − ಖ².

ಮೊದಲು ಡೆಫಿನಿಟ್ ಹೌದೋ ಅಲ್ಲವೋ ನೋಡಿ. ಪೂರ್ಣಾಂಕಗಳಲ್ಲಿ ಡೆಫಿನಿಟ್ ಅಂದರೆ ಫಾರ್ಮಿನ ಬೆಲೆ ಯಾವಾಗಲೂ ಧನ, ಇಲ್ಲವೇ ಯಾವಾಗಲೂ ಋಣ. ಇಲ್ಲಿ ಧನ, ಋಣ ಅನ್ನುವುದಿಲ್ಲ, ಡಿಟರ್ಮಿನೆಂಟ್ ನೋಡಿಯೇ ಹೇಳಬೇಕು. ಡಿಟರ್ಮಿನೆಂಟಿನ ಡಿಗ್ರಿ ಬೆಸವಾದರೆ ಡೆಫಿನಿಟ್. ಸಮವಾದರೆ ಅದರ ಮೊದಲ ಸಹಗುಣಕ 1 ಇರಬೇಕು. ಯಾಕಂದರೆ ಅದಕ್ಕೆ ಮೈನಸ್ ಹಾಕಿದಾಗ ವರ್ಗಸಂಖ್ಯೆ ಬರಬಾರದು. 

ಆಮೇಲೆ ಇಳಿಸುವುದು, ಅಂದರೆ ಯ, ರ ಗಳನ್ನು ಬದಲಾಯಿಸಿ ಅದೇ ಫಾರ್ಮನ್ನು ಆದಷ್ಟು ಚಿಕ್ಕ ರೂಪಕ್ಕೆ ತರುವುದು. 1801ರಲ್ಲಿ ಗಾಸ್ ಪೂರ್ಣಾಂಕಗಳಿಗೆ ಹೇಳಿದ ದಾರಿಯೇ ಇದು, ಗಾತ್ರದ ಬದಲು ಡಿಗ್ರಿ ನೋಡಬೇಕು ಅಷ್ಟೆ. ಖ ದ ಡಿಗ್ರಿ ಕ ಗಿಂತ ಕಡಿಮೆ, ಕ ದ್ದು ಗ ಗಿಂತ ಜಾಸ್ತಿ ಇರಬಾರದು. (ಟ³+ಟ²−1, ಟ², ಟ) ತೆಗೆದುಕೊಳ್ಳಿ. ಕ, ಗ ಅದಲುಬದಲು ಮಾಡಿ: (ಟ, ಟ², ಟ³+ಟ²−1). ಟ² ಅನ್ನು ಟ ದಿಂದ ಭಾಗಿಸಿದರೆ ಭಾಗಲಬ್ಧ ಟ, ಶೇಷ 0. ಈಗ ಹೊಸ ಗ = ಗ − 2ಟಖ + ಟ²ಕ. ಅಂದರೆ ಟ³+ಟ²−1 − 2ಟ³ + ಟ³, ಉಳಿದದ್ದು ಟ²−1. ಉತ್ತರ (ಟ, 0, ಟ²−1).

ಆ 2ಟಖ ದಲ್ಲಿ ಹುಷಾರು. ಒಮ್ಮೆ ನಾನು ಆ 2 ಬಿಟ್ಟುಬಿಟ್ಟೆ, ನಾಲ್ಕು ಪುಟ ಲೆಕ್ಕ ಹಾಳಾಯಿತು. ಅಂದಿನಿಂದ ಪ್ರತಿ ಹೆಜ್ಜೆಗೂ ಪುಟದ ಅಂಚಿನಲ್ಲಿ ಡಿಟರ್ಮಿನೆಂಟ್ ಬರೆದಿಡುತ್ತೇನೆ. ಇಲ್ಲಿ ಉದ್ದಕ್ಕೂ ಟ³−ಟ ಬರಬೇಕು. ನೀವೂ ಬರೆದಿಡಿ.

ಇನ್ನು ಪಟ್ಟಿ. ಡಿಟರ್ಮಿನೆಂಟ್ ಟ³−ಟ ಇರುವ ಇಳಿಸಿದ ಫಾರ್ಮ್‌ಗಳೆಲ್ಲ ಬೇಕು. ಇಳಿಸಿದ ಮೇಲೆ ಕ, ಗ ಗಳ ಡಿಗ್ರಿ ಕೂಡಿದರೆ 3, ಹಾಗಾಗಿ ಕ ದ ಡಿಗ್ರಿ 0 ಇಲ್ಲವೇ 1. ಡಿಗ್ರಿ 0 ಆದರೆ ಖ ಸೊನ್ನೆ: (1, 0, ಟ³−ಟ), ಮತ್ತು ಎರಡೂ ಕಡೆ 2 ರಿಂದ ಗುಣಿಸಿದ್ದು. ಡಿಗ್ರಿ 1 ಆದರೆ ಖ ಬರೀ ಅಂಕಿ. ಖ = 0 ಆದಾಗ (ಟ, 0, ಟ²−1), (ಟ+1, 0, ಟ²−ಟ), (ಟ−1, 0, ಟ²+ಟ), ಇವುಗಳ ಎರಡರಷ್ಟು. ಖ = 1 ಅಥವಾ 2 ಆದಾಗ ಕಗ = ಟ³−ಟ+1 ಆಗಬೇಕು. ಟ ಗೆ 0, 1, 2 ಯಾವುದನ್ನೇ ಹಾಕಿ, 1 ಬರುತ್ತದೆ. ಮೂಲವೇ ಇಲ್ಲದ ಘನ ಒಡೆಯುವುದಿಲ್ಲ, ಹಾಗಾಗಿ ಇಲ್ಲಿ ಒಂದೂ ಫಾರ್ಮ್ ಸಿಗುವುದಿಲ್ಲ. ಒಟ್ಟು 8.

ಇವುಗಳಲ್ಲಿ ಒಂದೇ ಫಾರ್ಮ್ ಎರಡು ವೇಷದಲ್ಲಿ ಬಂದಿರಬಹುದಾ? ಇಲ್ಲ. ಕ, ಗ ಗಳ ಡಿಗ್ರಿ ಬೇರೆಯಾದರೆ ಅವುಗಳನ್ನು ವರ್ಗಸಂಖ್ಯೆಯಿಂದ ಮಾತ್ರ ಗುಣಿಸಬಹುದು, ನಮ್ಮಲ್ಲಿ ಅದು 1 ಮಾತ್ರ. ಬದಲಾದರೆ ಖ ದ ಚಿಹ್ನೆ ಬದಲಾಗಬೇಕು ಅಷ್ಟೆ, ಈ ಪಟ್ಟಿಯಲ್ಲಿ ಖ ಎಲ್ಲ ಕಡೆ ಸೊನ್ನೆ. ಡಿಗ್ರಿ ಸಮನಾಗಿದ್ದರೆ ಮಾತ್ರ ಯ, ರ ಬದಲಾಯಿಸಲು ಈ ಮೂರು ಅಂಕಿಗಳಿಂದಾಗುವ, ಡಿಟರ್ಮಿನೆಂಟ್ ಸೊನ್ನೆಯಲ್ಲದ 48 ಮ್ಯಾಟ್ರಿಕ್ಸ್‌ಗಳನ್ನೂ (2×2) ಹಾಕಿ ನೋಡಬೇಕು.

ಹೊರಡುವಾಗ ಅವಳಿಗೆ ಡಿಟರ್ಮಿನೆಂಟ್ ಟ³−ಟ+1 ಕೊಟ್ಟು, ಇದಕ್ಕೂ ಪಟ್ಟಿ ಮಾಡು ಅಂತ ಕಳಿಸಿದೆ. ಕಲ್ಯಾಣದಲ್ಲಿ ಪುಣೆ ರೈಲು ಹತ್ತಿದಳು. ಕರ್ಜತ್ ಬರುವಷ್ಟರಲ್ಲಿ ಮೆಸೇಜ್ ಬಂತು: "ಎರಡೇ ಇವೆ, ಅಲ್ವಾ ಚಿಕ್ಕಮ್ಮ?"

ಹೌದು, ಎರಡೇ.