96 ಜಿಬಿ ಎಲ್ಲಿ ಹೋಯ್ತು? ಎರಡು ಥರದ ಮೆಮೊರಿ ಜೊತೆ ನನ್ನ ಅನುಭವ

ನಾವು ದಾವಣಗೆರೆಯಲ್ಲಿ ಡ್ರೋನ್ ಸರ್ವೆ ಮಾಡುವವರು. ನಾಲ್ಕೇ ಜನರ ಸಣ್ಣ ಆಫೀಸು. ಲೇಔಟ್, ಕೆರೆ ಅಂಗಳ, ಹೊಳಲ್ಕೆರೆ ಕಡೆಯ ಗಣಿ ಜಾಗ ಇಂಥವನ್ನು ಅಳೆದು ನಕ್ಷೆ ಮಾಡಿ ಕೊಡುತ್ತೇವೆ. ಫೋಟೋಗಳನ್ನು ಜೋಡಿಸೋದಕ್ಕೆ ಓಪನ್‌ಡ್ರೋನ್‌ಮ್ಯಾಪ್ ಇದೆ. ಅದು ರ‍್ಯಾಮ್ ತಿನ್ನುವ ಪರಿ ನೋಡಿದವರಿಗೇ ಗೊತ್ತು. 2500 ಫೋಟೋಗೆ 128 ಜಿಬಿ, 5000 ಫೋಟೋಗೆ 256 ಜಿಬಿ ಬೇಕು ಅಂತ ಅದರ ಕೈಪಿಡಿಯಲ್ಲೇ ಬರೆದಿದ್ದಾರೆ. ನಮ್ಮ ಸೆಕೆಂಡ್ ಹ್ಯಾಂಡ್ ಸರ್ವರ್‌ನಲ್ಲಿ ಇದ್ದದ್ದು 96 ಜಿಬಿ, 16ರ ಆರು ಕಡ್ಡಿ. ರಾತ್ರಿ ಕೆಲಸ ಹಚ್ಚಿ ಮನೆಗೆ ಹೋದರೆ ಬೆಳಿಗ್ಗೆ ಆಫೀಸಿನ ಹುಡುಗನ ಫೋನು: "ಅಣ್ಣಾ, ಮತ್ತೆ ಕಿಲ್ಡ್ ಅಂತ ಬಂದೈತೆ." ಮೆಮೊರಿ ಸಾಲದೆ ಲಿನಕ್ಸ್ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿದೆ ಅಂತ ಅರ್ಥ.

ಅಷ್ಟು ರ‍್ಯಾಮ್ ಹೊಸದಾಗಿ ಕೊಳ್ಳುವ ದುಡ್ಡು ಇರಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಂಟೆಲ್ ಆಪ್ಟೇನ್ ಮೆಮೊರಿ ಕಡ್ಡಿ ಕಡಿಮೆ ಬೆಲೆಗೆ ಸಿಕ್ಕಿತು, 128 ಜಿಬಿಯವು ಎರಡು. ಇದು ಡಿಡಿಆರ್4 ಸ್ಲಾಟಿನಲ್ಲೇ ಕೂರುತ್ತದೆ, ಆದರೆ ನಾವು ಮಾಮೂಲಿ ಬಳಸುವ ಡಿರ‍್ಯಾಮ್ ಅಲ್ಲ. ಜಾಗ ಜಾಸ್ತಿ, ವೇಗ ಕಡಿಮೆ. ಓದುವುದಕ್ಕೆ ಡಿರ‍್ಯಾಮ್‌ಗಿಂತ ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತದೆ, ಬರೆಯುವಾಗ ಇನ್ನೂ ಬೇಗ ಸುಸ್ತಾಗುತ್ತದೆ. 2019ರಲ್ಲಿ ಸರ್ವರ್‌ಗಳಿಗೆ ಬಂತು, 2022ರ ಜುಲೈನಲ್ಲಿ ಇಂಟೆಲ್ ನಿಲ್ಲಿಸುವುದಾಗಿ ಹೇಳಿತು, ಅದಕ್ಕೇ ಅಗ್ಗ. ಎಲ್ಲ ಪ್ರೊಸೆಸರ್‌ಗೂ ಎಲ್ಲ ಬೋರ್ಡ್‌ಗೂ ಇದು ಹೊಂದುವುದಿಲ್ಲ, ಕೊಳ್ಳುವ ಮುಂಚೆ ಅದನ್ನು ನೋಡಿಕೊಳ್ಳಿ.

ಕಡ್ಡಿ ಕೂರಿಸಿ ಬಯಾಸ್‌ಗೆ ಹೋದೆ. ಮೆಮೊರಿ ಮೋಡ್ ಅಂತ ಒಂದು ಆಯ್ಕೆ ಇತ್ತು. ಸುಲಭ ಅಲ್ವಾ ಅಂತ ಅದನ್ನೇ ಒತ್ತಿದೆ. ಲಿನಕ್ಸ್ ಎದ್ದ ಮೇಲೆ ಫ್ರೀ ಅಂತ ಹೊಡೆದು ನೋಡಿದರೆ ಸುಮಾರು 250 ಜಿಬಿ ಮಾತ್ರ. 96ಕ್ಕೆ 256 ಕೂಡಿಸಿದರೆ 352 ಆಗಬೇಕಲ್ಲ? ಕಡ್ಡಿ ಸರಿಯಾಗಿ ಕೂತಿಲ್ಲ ಅಂದುಕೊಂಡು ಎರಡು ಸಲ ಬಿಚ್ಚಿ ಹಾಕಿದೆ. ಆಮೇಲೆ ಓದಿದಾಗ ಗೊತ್ತಾಯ್ತು, ಈ ಮೋಡ್‌ನಲ್ಲಿ ಡಿರ‍್ಯಾಮ್ ಪೂರ್ತಿ ಆಪ್ಟೇನಿನ ಕ್ಯಾಶ್, ಅಂದರೆ ಬೇಗ ಬೇಕಾದ್ದನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ, ಆಗಿಬಿಡುತ್ತದೆ, ಆಪರೇಟಿಂಗ್ ಸಿಸ್ಟಂ ಕಣ್ಣಿಗೆ ಅದು ಬೀಳುವುದೇ ಇಲ್ಲ. ಡಿರ‍್ಯಾಮ್ ಸ್ವಲ್ಪವೇ ಇದ್ದು ಆಪ್ಟೇನ್ ಅದರ ಎಷ್ಟೋ ಪಟ್ಟು ಇರುವವರಿಗೆ ಇದು ಸರಿ. ನನ್ನ ಲೆಕ್ಕದಲ್ಲಿ 96 ಜಿಬಿಯನ್ನು ಹಾಗೆ ಕಳೆದುಕೊಳ್ಳುವುದು ದಂಡ.

ಹಾಗಾಗಿ ಎರಡನ್ನೂ ಲಿನಕ್ಸ್‌ಗೇ ಕಾಣುವಂತೆ ಬಿಟ್ಟುಕೊಡುವ ದಾರಿ ಹಿಡಿದೆ. ಐಪಿಎಂ-ಸಿಟಿಎಲ್ ಅನ್ನುವ ಉಪಕರಣ ಬಳಸಿ ಆಪ್ಟೇನನ್ನು, ಅದು ಬೇರೆಯಾಗಿಯೇ ಕಾಣುವ ಆಪ್ ಡೈರೆಕ್ಟ್ ಮೋಡ್‌ಗೆ ಬದಲಾಯಿಸಿ ರೀಬೂಟ್ ಮಾಡಿದೆ. ಎನ್‌ಡಿ-ಸಿಟಿಎಲ್‌ನಿಂದ ಅದನ್ನು ಡೆವ್‌ಡ್ಯಾಕ್ಸ್ ಸಾಧನ (ಫೈಲ್ ಸಿಸ್ಟಂ ಇಲ್ಲದೆ ನೇರವಾಗಿ ಮುಟ್ಟುವ ಮೆಮೊರಿ) ಮಾಡಿದೆ. ಕೊನೆಗೆ ಡ್ಯಾಕ್ಸ್-ಸಿಟಿಎಲ್‌ನ ರೀಕಾನ್ಫಿಗರ್ ಕಮಾಂಡಿಗೆ ಸಿಸ್ಟಂ-ರ‍್ಯಾಮ್ ಅನ್ನುವ ಮೋಡ್ ಕೊಟ್ಟೆ. ಹೀಗೆ ಮಾಮೂಲಿ ಮೆಮೊರಿಯ ಥರ ಸೇರಿಸುವ ಸೌಲಭ್ಯ ಕರ್ನಲ್‌ನ (ಲಿನಕ್ಸ್‌ನ ತಿರುಳು) 5.1 ಆವೃತ್ತಿಯಿಂದ ಇದೆ. ನನ್ನದು ಡೆಬಿಯನ್ 12, ಅದರಲ್ಲಿ 6.1.

ಇಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡೆ, ಅದನ್ನು ವಿವರವಾಗಿ ಹೇಳಬೇಕು. ಹಿಂದೆ ಯಾವಾಗಲೋ ಬೂಟ್ ಸಾಲಿನಲ್ಲಿ, ಹೊಸ ಮೆಮೊರಿ ಬಂದರೆ ತಾನಾಗಿಯೇ ಆನ್‌ಲೈನ್ ಆಗಲಿ ಅಂತ ಒಂದು ಪ್ಯಾರಾಮೀಟರ್ ಹಾಕಿಟ್ಟಿದ್ದೆ. ಡ್ಯಾಕ್ಸ್-ಸಿಟಿಎಲ್ ತನ್ನ ಕೆಲಸ ಮಾಡುವ ಮೊದಲೇ ಕರ್ನಲ್ ಆ ಮೆಮೊರಿಯನ್ನು ಆನ್‌ಲೈನ್ ಮಾಡಿ ನಾರ್ಮಲ್ ಝೋನ್‌ಗೆ ಸೇರಿಸಿಬಿಟ್ಟಿತು. ನಮಗೆ ಬೇಕಾದದ್ದು ಮೂವಬಲ್ ಝೋನ್, ಅಂದರೆ ಆಮೇಲೆ ಜಾಗ ಬದಲಿಸಬಹುದಾದ್ದನ್ನು ಮಾತ್ರ ಇಡುವ ವಿಭಾಗ. ನಾರ್ಮಲ್‌ಗೆ ಹೋದರೆ ಕರ್ನಲ್ ತನ್ನ ಸ್ವಂತ ಸಾಮಾನನ್ನೂ, ಐನೋಡ್ (ಫೈಲಿನ ವಿವರ) ಮುಂತಾದವನ್ನು, ಆ ನಿಧಾನದ ಜಾಗದಲ್ಲಿ ಇಡಬಹುದು. ಅವನ್ನು ಆಮೇಲೆ ಅಲ್ಲಾಡಿಸೋಕೆ ಆಗಲ್ಲ, ಮೆಮೊರಿಯನ್ನು ವಾಪಸ್ ತೆಗೆಯೋಕೂ ಆಗಲ್ಲ. ಆ ಪ್ಯಾರಾಮೀಟರ್ ತೆಗೆದು ರೀಬೂಟ್ ಮಾಡಿ ಮತ್ತೆ ಮಾಡಿದ ಮೇಲೆ ಸರಿಹೋಯ್ತು.

ಇನ್ನೊಂದು ಖರ್ಚು ಗಮನದಲ್ಲಿರಲಿ. ಮೆಮೊರಿಯ ಪ್ರತಿ 4 ಕೆಬಿ ತುಂಡಿಗೂ (ಅದಕ್ಕೆ ಪುಟ ಅಂತಾರೆ) ಲಿನಕ್ಸ್ 64 ಬೈಟ್ ಲೆಕ್ಕದ ಪುಸ್ತಕ ಇಟ್ಟುಕೊಳ್ಳುತ್ತದೆ. 256 ಜಿಬಿಗೆ ಅದೇ 4 ಜಿಬಿ ಆಯ್ತು. ನನ್ನ ಕರ್ನಲ್‌ನಲ್ಲಿ ಆ 4 ಜಿಬಿ ಹೋಗುವುದು ಡಿರ‍್ಯಾಮ್‌ನಿಂದ.

ನುಮಾ ಅಂದರೆ ಸಿಪಿಯುಗೆ ಹತ್ತಿರದ ಮೆಮೊರಿ, ದೂರದ ಮೆಮೊರಿ ಅಂತ ನೋಡ್‌ಗಳಾಗಿ ಗುಂಪು ಮಾಡುವ ಪದ್ಧತಿ. ನುಮಾ-ಸಿಟಿಎಲ್‌ನಲ್ಲಿ ಹಾರ್ಡ್‌ವೇರ್ ಪಟ್ಟಿ ತೆಗೆದು ನೋಡಿದೆ. ನೋಡ್ 0ರಲ್ಲಿ ಎಲ್ಲ ಸಿಪಿಯು, ಡಿರ‍್ಯಾಮ್. ನೋಡ್ 1ರಲ್ಲಿ ಸಿಪಿಯು ಸಾಲು ಖಾಲಿ, ಬರೀ ಮೆಮೊರಿ. ದೂರದ ಕೋಷ್ಟಕದಲ್ಲಿ 10 ಮತ್ತು 17, ಅಂಕಿ ದೊಡ್ಡದಾದಷ್ಟೂ ದೂರ. ಲಿನಕ್ಸ್ ಈ ಬೇರೆ ಥರದ ಮೆಮೊರಿಗೆ ಹೊಸ ಹೆಸರೇನೂ ಕೊಟ್ಟಿಲ್ಲ, ಸಿಪಿಯು ಇಲ್ಲದ ಒಂದು ನುಮಾ ನೋಡ್ ಅಂತ ಇಟ್ಟಿದೆ, ಅಷ್ಟೇ. ಹಾಗಾಗಿ ಹಳೆಯ ನುಮಾ ಉಪಕರಣಗಳೆಲ್ಲ ಇದಕ್ಕೂ ನಡೆಯುತ್ತವೆ. ನನಗೆ ಇದು ತುಂಬಾ ಹಿಡಿಸಿತು.

ಖುಷಿಯಲ್ಲಿ ಕೆಲಸ ಹಚ್ಚಿದೆ. ಕಿಲ್ಡ್ ಅಂತ ಬರಲಿಲ್ಲ, ಆದರೆ ತೆವಳುತ್ತಿತ್ತು. ಯಾವ ನೋಡಿನಲ್ಲಿ ಎಷ್ಟು ತುಂಬಿದೆ ಅಂತ ತೋರಿಸುವ ನುಮಾಸ್ಟ್ಯಾಟ್ ನೋಡಿದಾಗ ಕಾರಣ ಸಿಕ್ಕಿತು. ಮೊದಲು ಕೇಳಿದವರಿಗೆಲ್ಲ ಡಿರ‍್ಯಾಮ್ ಕೊಟ್ಟು ಮುಗಿದಿದೆ. ಶುರುವಿನಲ್ಲಿ ಓದಿದ ಫೋಟೋ ಫೈಲುಗಳ ಕ್ಯಾಶ್ ಅಲ್ಲೇ ಹಾಯಾಗಿ ಕೂತಿದೆ. ಈಗ ನಡೆಯುತ್ತಿರುವ ಪಾಯಿಂಟ್ ಕ್ಲೌಡ್ (ಜಾಗದ ಮೂರು ಆಯಾಮದ ಬಿಂದುಗಳು) ಕೆಲಸ, ಅಂದರೆ ಕ್ಷಣಕ್ಷಣಕ್ಕೂ ಮುಟ್ಟಬೇಕಾದ ಡೇಟಾ, ತಡವಾಗಿ ಬಂದದ್ದಕ್ಕೆ ನಿಧಾನದ ಆಪ್ಟೇನ್‌ಗೆ ಬಿದ್ದಿದೆ. ಬೇಕಾದದ್ದು ಇದರ ಉಲ್ಟಾ.

ಅದಕ್ಕೆ ಎರಡು ಸ್ವಿಚ್ ಇವೆ, ನನ್ನ ಯಂತ್ರದಲ್ಲಿ ಎರಡೂ ಹಾಕಿರಲಿಲ್ಲ. ಮೊದಲನೆಯದು ಡಿಮೋಷನ್, 5.15ರಲ್ಲಿ ಬಂದದ್ದು. ಸಿಸ್ ಫೋಲ್ಡರಿನಲ್ಲಿ ಕರ್ನಲ್, ಎಂಎಂ, ನುಮಾ ಅಂತ ಒಳಗೆ ಹೋದರೆ ಡಿಮೋಷನ್-ಎನೇಬಲ್ಡ್ ಅನ್ನುವ ಫೈಲಿದೆ, ಅದಕ್ಕೆ 1 ಬರೆಯಬೇಕು. ಆಗ ಡಿರ‍್ಯಾಮ್ ತುಂಬುತ್ತಾ ಬಂದಾಗ ಕೆ-ಸ್ವಾಪ್-ಡಿ (ಮೆಮೊರಿ ಖಾಲಿ ಮಾಡಿಸುವ ಕರ್ನಲ್ ಭಾಗ) ತಣ್ಣಗಿರುವ, ಅಂದರೆ ಬಹಳ ಹೊತ್ತು ಯಾರೂ ಮುಟ್ಟದ, ಪುಟಗಳನ್ನು ಎಸೆಯುವುದಿಲ್ಲ, ಡಿಸ್ಕಿನ ಸ್ವಾಪ್‌ಗೂ ಹಾಕುವುದಿಲ್ಲ, ಆಪ್ಟೇನ್‌ಗೆ ಇಳಿಸುತ್ತದೆ.

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದು ಬೇಗ ಹೊಳೆಯುತ್ತದೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಮುಂದೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಒಂದು ಹನಿಯೂ ದಂಡವಾಗಬಾರದು ಅಂತ ಕಟ್ಟಿದ್ದು. ಇಳಿಯುವುದು ಸಲೀಸು. ಆದರೆ ಕೆಳಗಿನ ನೀರು ಮತ್ತೆ ಮೇಲೆ ಬೇಕು ಅಂದರೆ ಯಾರಾದರೂ ಹೊರಲೇಬೇಕು.

ಆ ಹೊರುವ ಕೆಲಸಕ್ಕೆ ಎರಡನೇ ಸ್ವಿಚ್. ಸಿಸ್‌ಸಿಟಿಎಲ್‌ನಲ್ಲಿ ನುಮಾ-ಬ್ಯಾಲೆನ್ಸಿಂಗ್‌ಗೆ 2 ಕೊಡುವುದು, ಇದು 5.18ರಿಂದ ಇದೆ. 1 ಅಂದರೆ ಹಳೆಯ ಬ್ಯಾಲೆನ್ಸಿಂಗ್, 2 ಅಂದರೆ ವೇಗ ನಿಧಾನದ ಹಂತಗಳಿಗಾಗಿ ಮಾಡಿದ್ದು. ಪುಟ ಬಿಸಿಯಾಗಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ ಅನ್ನುವುದು ಚೆನ್ನಾಗಿದೆ. ಕರ್ನಲ್ ಆಗಾಗ ನಿಧಾನದ ನೋಡಿನ ಪುಟಗಳಿಗೆ ಬೀಗ ಹಾಕಿ ಆ ಹೊತ್ತನ್ನು ಬರೆದಿಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಆ ಪುಟ ಮುಟ್ಟಿದ ತಕ್ಷಣ ಒಂದು ಫಾಲ್ಟ್ ಆಗಿ ಕರ್ನಲ್‌ಗೆ ಗೊತ್ತಾಗುತ್ತದೆ. ಬೀಗ ಹಾಕಿದ್ದಕ್ಕೂ ಮುಟ್ಟಿದ್ದಕ್ಕೂ ನಡುವೆ ಸ್ವಲ್ಪವೇ ಹೊತ್ತು ಹೋಗಿದ್ದರೆ ಪುಟ ಬಿಸಿ, ಮೇಲಕ್ಕೆ ಕಳಿಸು. ಜಾಸ್ತಿ ಹೊತ್ತಾಗಿದ್ದರೆ ಅಲ್ಲೇ ಇರಲಿ.

ಎರಡನ್ನೂ ಒಟ್ಟಿಗೇ ಹಾಕಿ. ಡಿಮೋಷನ್ ಇಲ್ಲದಿದ್ದರೆ ಮೇಲೆ ಜಾಗ ಖಾಲಿಯಾಗಲ್ಲ, ಜಾಗ ಇಲ್ಲದೆ ಮೇಲೆ ಹತ್ತುವುದೂ ಆಗಲ್ಲ.

ನಡೆಯುತ್ತಿದೆಯೋ ಇಲ್ಲವೋ ಅಂತ ನೋಡೋದಕ್ಕೆ ಪ್ರಾಕ್ ಫೋಲ್ಡರಿನ ವಿಎಂಸ್ಟ್ಯಾಟ್ ಫೈಲಿದೆ. ಅದರಲ್ಲಿ ಪಿಜಿ-ಡಿಮೋಟ್, ಪಿಜಿ-ಪ್ರಮೋಟ್ ಅಂತ ಶುರುವಾಗುವ ಸಾಲುಗಳು. ಒಂದು ಟರ್ಮಿನಲ್‌ನಲ್ಲಿ ಅವನ್ನೇ ನೋಡುತ್ತಾ ಕೂತಿದ್ದೆ. ಮೊದಲು ಡಿಮೋಟ್ ಏರಿತು, ಫೋಟೋ ಕ್ಯಾಶ್ ಇಳಿಯುತ್ತಿತ್ತು. ಆಮೇಲೆ ಪ್ರಮೋಟ್ ಏರಿತು. ಒಂದು ಹಂತದ ಕೆಲಸ ಸರಿಯಾಗಿ ಹಿಡಿತಕ್ಕೆ ಬಂದ ಮೇಲೆ ಎರಡೂ ನಿಧಾನವಾದವು. ಎರಡೂ ಅಂಕಿ ಒಟ್ಟೊಟ್ಟಿಗೆ ಓಡುತ್ತಲೇ ಇದ್ದರೆ ಪುಟಗಳು ಸುಮ್ನೆ ಮೇಲೆ ಕೆಳಗೆ ಓಡಾಡುತ್ತಿವೆ ಅಂತ ಅರ್ಥ. ನಾನು ಒಂದೇ ಸಲ ಎರಡು ಸರ್ವೆ ಹಚ್ಚಿದಾಗ ಹಾಗೇ ಆಯ್ತು. ಈಗ ಒಂದಾದ ಮೇಲೆ ಒಂದು ಓಡಿಸುತ್ತೇನೆ.

ಮೂರು ಸಾವಿರ ಚಿಲ್ಲರೆ ಫೋಟೋದ ಗಣಿ ಸರ್ವೆ ಆ ರಾತ್ರಿಯೇ ಹಚ್ಚಿದೆ. ಬೆಳಿಗ್ಗೆ ಹುಡುಗನ ಫೋನು ಬರಲಿಲ್ಲ. ತಡೆಯಲಾರದೆ ನಾನೇ ಮಾಡಿದೆ. "ಆಗಲೇ ಮುಗಿದೈತೆ ಅಣ್ಣಾ, ನಕ್ಷೆ ತೆಗೀತಾ ಇದೀನಿ" ಅಂದ.

ಬ್ಯಾಕಪ್‌ಗೆ ಒಂದು ಉಪಾಯ ಮಾಡಿದ್ದೇನೆ. ಫೈಲ್ ನಕಲು ಮಾಡುವ ಆರ್‌ಸಿಂಕ್ ಓಡಿದಾಗ ಅದರ ಫೈಲ್ ಕ್ಯಾಶ್ ಡಿರ‍್ಯಾಮ್ ತುಂಬುತ್ತಿತ್ತು. ಈಗ ಅದನ್ನು ನುಮಾ-ಸಿಟಿಎಲ್ ಮೂಲಕ, ಮೆಮ್‌ಬೈಂಡ್‌ನಲ್ಲಿ ನೋಡ್ 1 ಕೊಟ್ಟು ಓಡಿಸುತ್ತೇನೆ. ಬ್ಯಾಕಪ್ ಸ್ವಲ್ಪ ನಿಧಾನವಾದರೆ ಯಾರಿಗೂ ತೊಂದರೆ ಇಲ್ಲ.

ರೀಬೂಟ್ ಆದರೆ ಈ ಮೆಮೊರಿ ಮತ್ತೆ ಡೆವ್‌ಡ್ಯಾಕ್ಸ್ ಆಗಿಯೇ ಏಳುತ್ತದೆ, ಸ್ವಿಚ್‌ಗಳೂ ಹೋಗುತ್ತವೆ. ಕರೆಂಟ್ ಹೋದ ಒಂದು ದಿನ ಇದು ನೆನಪಿಲ್ಲದೆ ಮತ್ತೆ ಕಿಲ್ಡ್ ನೋಡಬೇಕಾಯ್ತು. ಡ್ಯಾಕ್ಸ್-ಸಿಟಿಎಲ್ ಕಮಾಂಡು, ಎರಡು ಸ್ವಿಚ್, ಮೂರನ್ನೂ ಸೇರಿಸಿ ಬೂಟ್ ಆದಾಗ ತಾನೇ ಓಡುವ ಒಂದು ಸಿಸ್ಟಂಡಿ ಸರ್ವಿಸ್ ಬರೆದಿಟ್ಟಿದ್ದೇನೆ.

ಆಪ್ಟೇನ್ ನಿಂತುಹೋದ ಸರಕು, ಅದನ್ನು ಕಲಿತು ಏನು ಉಪಯೋಗ ಅಂತ ಕೇಳುವವರಿದ್ದಾರೆ. ಈಗ ಬರುತ್ತಿರುವ ಸಿಎಕ್ಸ್‌ಎಲ್ (ಸರ್ವರ್‌ಗೆ ಹೊರಗಿನಿಂದ ಸೇರಿಸುವ) ಮೆಮೊರಿಯೂ ಲಿನಕ್ಸ್‌ನಲ್ಲಿ ಹೀಗೇ ಸಿಪಿಯು ಇಲ್ಲದ ನೋಡ್ ಆಗಿ ಕೂರುತ್ತದೆ, ಇದೇ ಡ್ಯಾಕ್ಸ್ ದಾರಿ, ಇದೇ ಸ್ವಿಚ್‌ಗಳು. ಕಡ್ಡಿ ಇಲ್ಲದಿದ್ದರೂ ಕಲಿಯಬಹುದು. ಕಂಪ್ಯೂಟರ್ ಒಳಗೇ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸುವ ಕ್ಯೂಎಮುನಲ್ಲಿ ಎರಡು ನುಮಾ ನೋಡ್ ಮಾಡಿ, ಎರಡನೆಯದಕ್ಕೆ ಮೆಮೊರಿ ಮಾತ್ರ ಕೊಡಿ, ಸಿಪಿಯು ಕೊಡಬೇಡಿ. ವೇಗದ ವ್ಯತ್ಯಾಸ ಕಾಣಿಸಲ್ಲ, ಆದರೆ ನೋಡ್ 1ರ ಸಿಪಿಯು ಸಾಲು ಖಾಲಿ ಇರುವುದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನೋಡಬಹುದು.