ನಮ್ಮವರು ಜಾಸ್ತಿ ಇರೋ ಏರಿಯಾ ಯಾವುದು ಮೇಡಂ?

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಸಾಂಟಾ ಕ್ಲಾರಾ, ಫ್ರೀಮಾಂಟ್ ಸುತ್ತಮುತ್ತ ನಾನು ರಿಯಲ್ ಎಸ್ಟೇಟ್ ಏಜೆಂಟ್. ನನಗೆ ಫೋನ್ ಮಾಡುವವರಲ್ಲಿ ಕನ್ನಡದವರೇ ಜಾಸ್ತಿ. ಬಜೆಟ್, ಬೆಡ್‌ರೂಮ್, ಆಫೀಸು ಎಷ್ಟು ದೂರ, ಇದೆಲ್ಲ ಮಾತಾದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಮ್ಮವರು ಜಾಸ್ತಿ ಇರೋ ಏರಿಯಾ ಯಾವುದು ಮೇಡಂ?’ ಉತ್ತರ ನನಗೆ ಗೊತ್ತು. ಆದರೆ ಹೇಳುವುದಿಲ್ಲ.

‘ನೀವೂ ಕನ್ನಡದವರೇ ಅಲ್ವಾ, ನಮ್ಮ ಹತ್ರ ಏನು ಮುಚ್ಚುಮರೆ?’ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಅವರ ತಪ್ಪಲ್ಲ. ಬೆಂಗಳೂರಿನಲ್ಲಿ ಬ್ರೋಕರ್ ಮೊದಲು ಹೇಳುವುದೇ ಅದನ್ನು. ಬೀದಿಯಲ್ಲಿ ಯಾರಿದ್ದಾರೆ, ಓನರ್ ಎಂಥವರಿಗೆ ಕೊಡುತ್ತಾರೆ, ಬ್ಯಾಚುಲರ್‌ಗಳಿಗೆ ಆಗುತ್ತೋ ಇಲ್ವೋ. ಇಲ್ಲಿ ಅದೇ ಮಾತು ಆಡಿದರೆ ನನ್ನ ಲೈಸೆನ್ಸಿಗೇ ಕುತ್ತು.

ಕಾರಣ ಫೇರ್ ಹೌಸಿಂಗ್ ಆಕ್ಟ್. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಅದಾಗಿ ಒಂದು ವಾರಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಈ ಕಾನೂನಿಗೆ ಸಹಿ ಹಾಕಿದರು. ಜನಾಂಗ, ಮೈಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ವಿಷಯದಲ್ಲಿ ಭೇದ ಮಾಡುವ ಹಾಗಿಲ್ಲ ಎಂದಾಯಿತು. 1974ರಲ್ಲಿ ಹೆಣ್ಣು ಗಂಡು ಎಂಬ ಭೇದವೂ, 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬ ಎಂಬ ಎರಡು ಆಧಾರಗಳೂ ಸೇರಿದವು. ಕ್ಯಾಲಿಫೋರ್ನಿಯಾದ ಪಟ್ಟಿ ಇನ್ನೂ ಉದ್ದ. ಮದುವೆಯಾಗಿದೆಯೋ ಇಲ್ಲವೋ, ಲೈಂಗಿಕ ಒಲವು, ಆದಾಯ ಎಲ್ಲಿಂದ ಬರುತ್ತದೆ, ವಲಸೆ ಸ್ಥಿತಿ ಎಲ್ಲವೂ ಅದರಲ್ಲಿವೆ.

ಮನೆ ಕೊಡಲ್ಲ ಅನ್ನುವುದು ತಪ್ಪು ಅಂತ ಎಲ್ಲರಿಗೂ ಗೊತ್ತು. ಗಿರಾಕಿ ಯಾವ ಜನ ಅಂತ ನೋಡಿ ಅವರನ್ನು ಒಂದು ಏರಿಯಾ ಕಡೆ ತಿರುಗಿಸುವುದೂ ತಪ್ಪು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಇದಕ್ಕೆ ಸ್ಟೀರಿಂಗ್ ಅನ್ನುತ್ತಾರೆ. ಪ್ರೀತಿಯಿಂದ, ಸಹಾಯ ಆಗಲಿ ಅಂತ ಮಾಡಿದರೂ ಸ್ಟೀರಿಂಗೇ. ‘ಅವರೇ ಕೇಳಿದರು’ ಅಂದರೆ ಯಾರೂ ಬಿಡುವುದಿಲ್ಲ.

ಹಾಗಂತ ಸುಮ್ನೆ ಬಾಯಿ ಮುಚ್ಚಿಕೊಂಡರೆ ವ್ಯಾಪಾರ ಆಗುವುದಿಲ್ಲ. ನಾನು ಹೇಳುವುದು ಹೀಗೆ: ‘ಸರ್, ಅಲ್ಲಿ ಯಾರಿದ್ದಾರೆ ಅಂತ ನಾನು ಹೇಳೋ ಹಾಗಿಲ್ಲ, ಕಾನೂನು ಒಪ್ಪಲ್ಲ. ನೀವು ನೋಡಿ ತೀರ್ಮಾನ ಮಾಡೋದಕ್ಕೆ ಯಾರ ಅಡ್ಡಿಯೂ ಇಲ್ಲ. ನಿಮಗೆ ಬೇಕಾದ್ದು ಮನೆ ಲೆಕ್ಕದಲ್ಲಿ, ದೂರದ ಲೆಕ್ಕದಲ್ಲಿ ಹೇಳಿ, ಅದಕ್ಕೆ ಹೊಂದೋದೆಲ್ಲ ತೋರಿಸ್ತೀನಿ.’ ಕಾನೂನು ಕಟ್ಟಿಹಾಕಿರುವುದು ನನ್ನ ಬಾಯನ್ನು, ಕೊಳ್ಳುವವರ ಆಯ್ಕೆಯನ್ನಲ್ಲ. ಇದು ಅರ್ಥವಾದರೆ ಅರ್ಧ ಜಗಳ ಮುಗಿಯಿತು.

ಮುಂದಿನದು ನಿಜವಾಗಿ ಸುಲಭ. ‘ದೇವಸ್ಥಾನಕ್ಕೆ ಇಪ್ಪತ್ತು ನಿಮಿಷದೊಳಗೆ ಇರಬೇಕು’ ಅಂದರೆ ಹುಡುಕುತ್ತೇನೆ. ಅದು ಒಂದು ಜಾಗ, ಅದಕ್ಕೊಂದು ವಿಳಾಸ ಇದೆ. ಆ ದೂರದೊಳಗೆ ಬಜೆಟ್ಟಿಗೆ ಹೊಂದುವ ಎಲ್ಲ ಮನೆಗಳನ್ನೂ ಕಳಿಸುತ್ತೇನೆ, ನನಗೆ ಇಷ್ಟವಾದವನ್ನು ಮಾತ್ರ ಅಲ್ಲ. ವಾಸ್ತುವೂ ಹಾಗೆಯೇ. ಪೂರ್ವದ ಬಾಗಿಲು ಅನ್ನುವುದು ಮನೆಯ ಗುಣ, ಮನುಷ್ಯರದ್ದಲ್ಲ. ಈಶಾನ್ಯದಲ್ಲಿ ಬಾತ್‌ರೂಮ್ ಇದೆಯಾ ಅಂತ ದಿಕ್ಸೂಚಿ ಹಿಡಿದು ನಾನೇ ನೋಡಿ ಹೇಳುತ್ತೇನೆ.

‘ಏರಿಯಾ ಸೇಫಾ?’ ಮತ್ತು ‘ಸ್ಕೂಲ್ ಚೆನ್ನಾಗಿದೆಯಾ?’ ಅನ್ನುವ ಪ್ರಶ್ನೆಗಳಲ್ಲಿ ಅಪಾಯ ಸ್ವಲ್ಪ ಒಳಗಿದೆ. ಈ ದೇಶದಲ್ಲಿ ಬಹಳ ಕಾಲ ಏಜೆಂಟರು ಜನಾಂಗದ ಹೆಸರು ಎತ್ತದೆ ಅದೇ ಸುದ್ದಿ ಮುಟ್ಟಿಸುತ್ತಿದ್ದುದು ಈ ಎರಡು ಮಾತುಗಳಲ್ಲೇ. ಅದಕ್ಕೆ ನನ್ನ ಅಭಿಪ್ರಾಯ ಕೊಡುವುದಿಲ್ಲ. ಊರಿನ ಪೊಲೀಸ್ ಇಲಾಖೆಯ ಮಾಹಿತಿ ಎಲ್ಲಿ ಸಿಗುತ್ತದೆ, ಯಾವ ಮನೆ ಯಾವ ಶಾಲೆಗೆ ಸೇರುತ್ತದೆ ಅಂತ ಶಾಲಾ ಜಿಲ್ಲೆಯಲ್ಲಿ ಹೇಗೆ ಕೇಳಬೇಕು, ಇಷ್ಟು ಬರೆದ ಒಂದೇ ಇಮೇಲ್ ಎಲ್ಲ ಗಿರಾಕಿಗಳಿಗೂ ಹೋಗುತ್ತದೆ. ಜೊತೆಗೆ, ರಾತ್ರಿ ಎಂಟು ಗಂಟೆಗೊಮ್ಮೆ, ಭಾನುವಾರ ಬೆಳಗ್ಗೆ ಒಮ್ಮೆ ಆ ಬೀದಿಯಲ್ಲಿ ನಡೆದು ಬನ್ನಿ ಅನ್ನುತ್ತೇನೆ.

‘ಇಷ್ಟೆಲ್ಲ ಅತಿಯಾಯ್ತು’ ಅನ್ನುವವರಿಗೆ ಹಳೇ ಮನೆಗಳ ಕಾಗದ ತೋರಿಸಬೇಕು. 1948ಕ್ಕೆ ಮುಂಚಿನ ಬಡಾವಣೆಗಳ ಕರಾರುಗಳಲ್ಲಿ ‘ಬಿಳಿಯರಲ್ಲದವರು ಇಲ್ಲಿ ವಾಸ ಮಾಡುವಂತಿಲ್ಲ, ಮನೆಕೆಲಸದವರನ್ನು ಬಿಟ್ಟು’ ಅನ್ನುವ ಅರ್ಥದ ಸಾಲುಗಳು ಇನ್ನೂ ಹಾಗೇ ಇವೆ. ಇಂಥ ಕರಾರನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ನನ್ನ ಗಿರಾಕಿಗಳಾದ ದಂಪತಿ ಆ ಪುಟ ಓದಿ, ‘ಇದರ ಪ್ರಕಾರ ನಾವು ಈ ಮನೇಲಿ ಪಾತ್ರೆ ತೊಳೆಯೋಕೆ ಮಾತ್ರ ಬರಬಹುದಿತ್ತು’ ಅಂದರು. ಈಗ ಕ್ಯಾಲಿಫೋರ್ನಿಯಾದಲ್ಲಿ ಅಂಥ ಸಾಲು ನನ್ನ ಕಣ್ಣಿಗೆ ಬಿದ್ದರೆ ಕೊಳ್ಳುವವರಿಗೆ ತಿಳಿಸುವುದು ನನ್ನ ಕರ್ತವ್ಯ. ಅದನ್ನು ಹೊಡೆದುಹಾಕಿಸಲು ಕೌಂಟಿ ರೆಕಾರ್ಡರ್ ಕಚೇರಿಗೆ, ಅಂದರೆ ಆಸ್ತಿ ಪತ್ರಗಳನ್ನು ದಾಖಲಿಸುವ ಕಚೇರಿಗೆ, ಕೊಡುವ ಫಾರ್ಮ್ ಇದೆ.

ನಮ್ಮ ವೃತ್ತಿಯೂ ಇದರಲ್ಲಿ ಪಾಲುದಾರ. ಏಜೆಂಟರ ರಾಷ್ಟ್ರೀಯ ಸಂಘದ 1924ರ ನೀತಿಸಂಹಿತೆಯೇ, ಬೆಲೆ ಇಳಿಸುವಂಥ ಜನಾಂಗದವರನ್ನು ಏರಿಯಾಕ್ಕೆ ತರಬೇಡಿ ಅಂತ ಹೇಳುತ್ತಿತ್ತು. 1968ರ ಕಾನೂನನ್ನೂ ಆ ಸಂಘ ವಿರೋಧಿಸಿತು. ಕ್ಷಮೆ ಕೇಳಿದ್ದು 2020ರಲ್ಲಿ. ಎದುರು ನಿಂತವರೂ ಇದ್ದರು. ಸನ್ನಿವೇಲ್‌ನಲ್ಲಿ ಇವತ್ತು ಜನ ಮುಗಿಬಿದ್ದು ಕೊಳ್ಳುವ ಐಕ್ಲರ್ ಮನೆಗಳನ್ನು ಕಟ್ಟಿಸಿದ ಜೋಸೆಫ್ ಐಕ್ಲರ್ ಯಾವ ಜನಾಂಗದವರಿಗೂ ಮನೆ ಮಾರಿದರು. ಭೇದದ ಧೋರಣೆಯನ್ನು ಪ್ರತಿಭಟಿಸಿ 1958ರಲ್ಲಿ ಬಿಲ್ಡರ್‌ಗಳ ರಾಷ್ಟ್ರೀಯ ಸಂಘಕ್ಕೆ ರಾಜೀನಾಮೆ ಕೊಟ್ಟರು.

ಇದೆಲ್ಲ ಹಳೇ ಕತೆ ಅನ್ನುವ ಹಾಗೂ ಇಲ್ಲ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ನ್ಯೂಸ್‌ಡೇ ಪತ್ರಿಕೆ ಒಂದೇ ಥರದ ಆದಾಯ, ಒಂದೇ ಥರದ ಬೇಡಿಕೆ ಇಟ್ಟುಕೊಂಡ ಬಿಳಿಯರನ್ನೂ ಬಿಳಿಯರಲ್ಲದವರನ್ನೂ ಗಿರಾಕಿಗಳ ವೇಷದಲ್ಲಿ ಏಜೆಂಟರ ಹತ್ತಿರ ಕಳಿಸಿತು. 2019ರಲ್ಲಿ ಫಲಿತಾಂಶ ಬಂತು. ಕಪ್ಪು ಜನರನ್ನು ಕಳಿಸಿದ ಪರೀಕ್ಷೆಗಳಲ್ಲಿ ಶೇ. 49ರಷ್ಟರಲ್ಲಿ, ಏಷ್ಯನ್ನರನ್ನು ಕಳಿಸಿದವುಗಳಲ್ಲಿ ಶೇ. 19ರಷ್ಟರಲ್ಲಿ ಭೇದದ ಕುರುಹು ಇತ್ತು. ಕೆಲವು ಏಜೆಂಟರು ಬಿಳಿಯರಿಗೆ ಹಾಗೇ ಮನೆ ತೋರಿಸಿ, ಕಪ್ಪು ಗಿರಾಕಿಗೆ ಮಾತ್ರ ಬ್ಯಾಂಕಿನ ಲೋನ್ ಪತ್ರ, ಅಂದರೆ ಇಷ್ಟು ಸಾಲ ಕೊಡುತ್ತೇವೆ ಅಂತ ಬ್ಯಾಂಕ್ ಬರೆದುಕೊಡುವ ಪತ್ರ, ಕೇಳಿದ್ದರು. ಇಂಥ ಪರೀಕ್ಷಕರಿಗೂ ಕೇಸ್ ಹಾಕುವ ಹಕ್ಕಿದೆ ಅಂತ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಲೋನ್ ಪತ್ರ ಎಲ್ಲರಿಗೂ ಬೇಕು ಅನ್ನುವುದು ನನ್ನ ನಿಯಮ. ನನ್ನ ಚಿಕ್ಕಮ್ಮನ ಮಗ ಬಂದಾಗಲೂ ಕೇಳಿದೆ. ಸ್ವಲ್ಪ ಮುಖ ಊದಿಸಿದ, ಮರುದಿನ ತಂದುಕೊಟ್ಟ.

ಕೊಳ್ಳುವವರಿಗಿಂತ ಕಷ್ಟ ಬಾಡಿಗೆಗೆ ಕೊಡುವ ಓನರ್‌ಗಳದ್ದು. ಎರಡನೇ ಮನೆ ಕೊಂಡಿರುವ ನಮ್ಮವರು ಮೊದಲು ಹೇಳುವುದು, ‘ವೆಜ್ ಫ್ಯಾಮಿಲಿ ನೋಡಿ, ಸಾಕು.’ ಅರ್ಜಿ ಬಂದರೆ, ‘ಸರ್‌ನೇಮ್ ಏನು? ಯಾವ ಕಡೆಯವರು?’ ಕಾನೂನಿನ ಪಟ್ಟಿಯಲ್ಲಿ ಸಸ್ಯಾಹಾರ ಅನ್ನುವ ಪದ ಇಲ್ಲ, ನಿಜ. ಆದರೆ ಈ ಪ್ರಶ್ನೆಗಳು ಜೊತೆಯಾಗಿ ಬಂದಾಗ ಕೇಳುತ್ತಿರುವುದು ಏನನ್ನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಧರ್ಮ, ಮೂಲ, ಜಾತಿ. ಜಾತಿಯನ್ನು ಹೆಸರಿಟ್ಟು ಸೇರಿಸುವ ಮಸೂದೆಗೆ 2023ರಲ್ಲಿ ಇಲ್ಲಿನ ಗವರ್ನರ್ ಸಹಿ ಹಾಕಲಿಲ್ಲ. ಇರುವ ಕಾನೂನಿನಲ್ಲೇ ಅದು ನಿಷಿದ್ಧ ಅನ್ನುವುದು ಅವರು ಕೊಟ್ಟ ಕಾರಣ. ಸಿಯಾಟಲ್ ನಗರ ಅದೇ ವರ್ಷ ಹೆಸರಿಟ್ಟೇ ನಿಷೇಧಿಸಿತು.

ನಾನು ಓನರ್ ಜೊತೆ ವಾದಕ್ಕೆ ಇಳಿಯುವುದಿಲ್ಲ. ಭಯ ಯಾವುದು ಅಂತ ಕೇಳುತ್ತೇನೆ. ‘ಮೀನಿನ ವಾಸನೆ ಹೋಗಲ್ಲ ಮೇಡಂ’ ಅನ್ನುತ್ತಾರೆ. ಒಗ್ಗರಣೆ ವಾಸನೆ ಹೋಗಲ್ಲ ಅಂತ ನಮಗೆ ಮನೆ ಕೊಡಲು ಹಿಂದೆಮುಂದೆ ನೋಡುವ ಓನರ್‌ಗಳೂ ಇದೇ ಊರಲ್ಲಿದ್ದಾರೆ ಅಂತ ನೆನಪಿಸುತ್ತೇನೆ. ಆಮೇಲೆ ಪರಿಹಾರ: ಬರುವಾಗಿನ ಫೋಟೋ, ಬಿಡುವಾಗ ಮನೆ ಹೇಗಿರಬೇಕು ಅಂತ ಕರಾರಿನಲ್ಲಿ ಸಾಲು, ಕಾನೂನು ಬಿಟ್ಟಷ್ಟು ಡೆಪಾಸಿಟ್. 2024ರ ಜುಲೈನಿಂದ ಅದು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ, ಸಣ್ಣ ಓನರ್‌ಗಳಿಗೆ ಎರಡು. ಯಾರು ಬಂದರೂ ಇದೇ. ಜಾಹೀರಾತು ಹಾಕುವ ಮೊದಲೇ ಆದಾಯ, ಕ್ರೆಡಿಟ್ (ಸಾಲ ತೀರಿಸಿದ ದಾಖಲೆ) ಎಷ್ಟಿರಬೇಕು, ಹಿಂದಿನ ಓನರ್ ಮಾತು ಹೇಗಿರಬೇಕು ಅಂತ ಬರೆದು ಓನರ್ ಸಹಿ ತೆಗೆದುಕೊಳ್ಳುತ್ತೇನೆ. ಅದಕ್ಕೆ ಹೊಂದಿದ ಮೊದಲ ಅರ್ಜಿಗೆ ಮನೆ. ಸರ್ಕಾರದ ಬಾಡಿಗೆ ವೋಚರ್ (ಬಾಡಿಗೆ ಕಟ್ಟಲು ಸಿಗುವ ನೆರವು) ಇರುವವರನ್ನು 2020ರಿಂದ ‘ವೋಚರ್ ಆಗಲ್ಲ’ ಅಂತ ವಾಪಸ್ ಕಳಿಸುವಂತಿಲ್ಲ. ‘ನೋ ಪೆಟ್ಸ್’ ಅನ್ನಬಹುದು, ಆದರೆ ಅಂಗವೈಕಲ್ಯ ಇರುವವರ ಸಹಾಯಕ ನಾಯಿಗೆ ಅದು ಅನ್ವಯಿಸುವುದಿಲ್ಲ. ಇಷ್ಟಾದ ಮೇಲೂ ‘ಆದರೂ ನಮ್ಮವರೇ ಇರಲಿ’ ಅನ್ನುವ ಓನರ್‌ಗೆ ಕೈಮುಗಿದು ಬರುತ್ತೇನೆ. ಆ ಕಮಿಷನ್ ಬೇಡ.

ತಾವೇ ಇರುವ ಮನೆಯಲ್ಲಿ ರೂಮ್‌ಮೇಟ್ ಹುಡುಕುವವರ ಕತೆ ಬೇರೆ. ಅಡುಗೆಮನೆ ಹಂಚಿಕೊಳ್ಳುವವರ ಆಯ್ಕೆಗೆ ಫೇರ್ ಹೌಸಿಂಗ್ ಆಕ್ಟ್ ಬರುವುದಿಲ್ಲ ಅಂತ 2012ರಲ್ಲಿ ಇಲ್ಲಿನ ಫೆಡರಲ್ ಅಪೀಲು ಕೋರ್ಟ್ ಹೇಳಿದೆ. ಆದರೆ ರೂಮ್‌ಮೇಟ್ ಬೇಕು ಅನ್ನುವ ಆ ಜಾಹೀರಾತನ್ನು ನಾನು ಬರೆದುಕೊಡುವುದಿಲ್ಲ.

ಇನ್ನು ‘ನಾವು ದಂಪತಿ, ಇಬ್ಬರು ಮಕ್ಕಳು’ ಅಂತ ಫೋಟೋ ಅಂಟಿಸಿ ಮನೆ ಮಾರುವವರಿಗೆ ಬರೆಯುವ ಪತ್ರ. ಯಾವ ಜನ, ಮಕ್ಕಳಿದ್ದಾರಾ ಅನ್ನುವುದೆಲ್ಲ ಅದರಲ್ಲೇ ಗೊತ್ತಾಗುವುದರಿಂದ ಅದನ್ನು ನಾನು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಬೆಲೆ ಮತ್ತು ಷರತ್ತು ಸಾಕು.

ದಾಖಲೆ ಇಡುವ ಅಭ್ಯಾಸ ಮಾತ್ರ ಹೊಸ ಏಜೆಂಟರು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು. ವ್ಯವಹಾರದ ಕಾಗದಗಳನ್ನು ಮೂರು ವರ್ಷ ಇಡಬೇಕು ಅನ್ನುವುದು ಈ ರಾಜ್ಯದ ನಿಯಮ. ಯಾರು ಏನು ಕೇಳಿದರು, ಯಾವ ಮನೆಗಳನ್ನು ಕಳಿಸಿದೆ, ಯಾವ ಮನೆ ಯಾಕೆ ಕೈತಪ್ಪಿತು, ಇಷ್ಟನ್ನೂ ನಾನು ಅವತ್ತೇ ಬರೆದಿಡುತ್ತೇನೆ. ವ್ಯಾಪಾರ ಆಗದವರ ಫೈಲನ್ನೂ ಎಸೆಯುವುದಿಲ್ಲ. ಭೇದ ಆಯಿತು ಅಂತ ಫೆಡರಲ್ ವಸತಿ ಇಲಾಖೆಗೆ ದೂರು ಕೊಡಲು ಒಂದು ವರ್ಷ, ಕೋರ್ಟಿಗೆ ಹೋಗಲು ಎರಡು ವರ್ಷ ಸಮಯ ಇದೆ. ದೂರು ಬಂದರೆ ಬರುವುದು ಸಾಮಾನ್ಯವಾಗಿ ಮನೆ ಸಿಗದವರಿಂದಲೇ ಅಲ್ವಾ?